ಆಕ್ಸಲ್ ಬದಲಾಯಿಸುವ ಮೊದಲು ಬೂಟ್ ನೋಡಿ

ಸ್ಪೋರ್ಟ್ಸ್ ಕಾರು ಇರುವವರು ಗ್ಯಾರೇಜಿಗೆ ಹೋಗಿ "ತಿರುಗಿಸುವಾಗ ಟಕ್ ಟಕ್ ಅಂತ ಶಬ್ದ ಬರ್ತದೆ" ಅಂದರೆ ಸಾಕು, ಹೆಚ್ಚಿನ ಕಡೆ ಒಂದೇ ಉತ್ತರ. "ಆಕ್ಸಲ್ ಹೋಗಿದೆ ಸರ್, ಪೂರ್ತಿ ಸೆಟ್ ಹಾಕ್ಬೇಕು." ಕೆಲವೊಮ್ಮೆ ಅದು ನಿಜವೇ. ಆದರೆ ಉಕ್ಕಿನ ಆ ಸರಳು ಸವೆಯುವುದು ತೀರಾ ಅಪರೂಪ. ಸವೆಯುವುದು ಅದರ ತುದಿಯ ಜಾಯಿಂಟ್. ಜಾಯಿಂಟ್ ಸವೆಯುವುದು ಅದರ ಮೇಲಿನ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಹೋದ ಮೇಲೆ. ಬೂಟ್ ಹರಿದು ಎಷ್ಟು ದಿನ ಆಯ್ತು ಅನ್ನುವುದರ ಮೇಲೆ ನಿಮ್ಮ ಖರ್ಚು ನಿಂತಿದೆ. ನಮ್ಮ ಕರಾವಳಿಯಲ್ಲಿ ಆ ದಿನಗಳು ಬೇಗ ಮುಗಿಯುತ್ತವೆ, ಅದೇ ತೊಂದರೆ.

ಮೊದಲು ಇದು ಕೆಲಸ ಮಾಡುವುದು ಹೇಗೆ ಅಂತ ನೋಡೋಣ. ಗೇರ್‌ಬಾಕ್ಸ್ ಕಾರಿನ ಬಾಡಿಯ ಜೊತೆ ಕಟ್ಟಿಕೊಂಡಿರುತ್ತದೆ, ಹೆಚ್ಚು ಅಲ್ಲಾಡುವುದಿಲ್ಲ. ಚಕ್ರ ಹಾಗಲ್ಲ. ಹಂಪ್ ಬಂದರೆ ಮೇಲೆ ಹೋಗುತ್ತದೆ, ಗುಂಡಿ ಬಂದರೆ ಕೆಳಗೆ ಇಳಿಯುತ್ತದೆ, ಮುಂದಿನ ಚಕ್ರವಾದರೆ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಇವೆರಡರ ನಡುವೆ ಶಕ್ತಿ ಸಾಗಿಸುವುದು ಡ್ರೈವ್ ಶಾಫ್ಟ್, ಗ್ಯಾರೇಜಿನವರು ಆಕ್ಸಲ್ ಅನ್ನುವುದು ಇದನ್ನೇ. ಶಾಫ್ಟ್ ಬಗ್ಗುವುದಿಲ್ಲ, ಹಾಗಾಗಿ ಎರಡೂ ತುದಿಗೆ ಬಗ್ಗುವ ಕೀಲು ಬೇಕು. ಲಾರಿಗಳ ಅಡಿಯಲ್ಲಿ ಕಾಣುವ ಕ್ರಾಸ್ ಜಾಯಿಂಟ್ ಹಾಕಿದರೆ ಆಗದೇ? ಆಗುವುದಿಲ್ಲ. ಅದು 30 ಡಿಗ್ರಿ ಬಾಗಿ ತಿರುಗುವಾಗ ಒಂದು ಕಡೆಯಿಂದ 100ರ ವೇಗ ಕೊಟ್ಟರೆ ಇನ್ನೊಂದು ಕಡೆ ವೇಗ 87ಕ್ಕೆ ಇಳಿದು 115ಕ್ಕೆ ಏರುತ್ತದೆ, ಅದೂ ಪ್ರತಿ ಸುತ್ತಿನಲ್ಲಿ ಎರಡೆರಡು ಸಲ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಕಾರು ನಡುಗುತ್ತದೆ.

ಇದಕ್ಕೆ ಉತ್ತರ ಸಿವಿ ಜಾಯಿಂಟ್, ಅಂದರೆ ಕಾನ್‌ಸ್ಟಂಟ್ ವೆಲಾಸಿಟಿ ಜಾಯಿಂಟ್. ಎಷ್ಟೇ ಬಾಗಿದರೂ ಒಳಗೆ ಬಂದ ವೇಗವೇ ಹೊರಗೆ ಹೋಗುವ ಜಾಯಿಂಟ್ ಇದು. ಇವತ್ತಿಗೂ ಹೆಚ್ಚಿನ ಕಾರುಗಳ ಹೊರಗಿನ ತುದಿಯಲ್ಲಿ ಇರುವ ವಿನ್ಯಾಸವನ್ನು ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ 1920ರ ದಶಕದ ಕೊನೆಯಲ್ಲಿ ಮಾಡಿದ್ದು. ಒಂದು ಬಟ್ಟಲಿನಂಥ ಹೊರಭಾಗ, ಒಳಗೊಂದು ಗುಂಡನೆಯ ತುಂಡು, ಎರಡರಲ್ಲೂ ಬಾಗಿದ ಹಳ್ಳಗಳು, ಆ ಹಳ್ಳಗಳ ನಡುವೆ ಆರು ಉಕ್ಕಿನ ಬಾಲ್, ಬಾಲ್‌ಗಳನ್ನು ಸಾಲಾಗಿ ಹಿಡಿದಿಡಲು ಒಂದು ಕೇಜ್. ಶಾಫ್ಟ್ ಎಷ್ಟು ಬಾಗುತ್ತದೋ ಅದರ ಸರಿಯಾಗಿ ಅರ್ಧದಷ್ಟು ಕೇಜ್ ಬಾಗುತ್ತದೆ. ಆಗ ಆರೂ ಬಾಲ್‌ಗಳು ಎರಡು ಕಡೆಗೂ ಸಮ ದೂರದಲ್ಲಿ ನಿಲ್ಲುತ್ತವೆ, ವೇಗದಲ್ಲಿ ಏರುಪೇರು ಆಗುವುದಿಲ್ಲ. ಗುಟ್ಟು ಇಷ್ಟೇ. 1959ರಲ್ಲಿ ಮಿನಿ ಅನ್ನುವ ಕಾರು ಬಂದ ಮೇಲೆ ಇದು ಸಣ್ಣ ಕಾರುಗಳಲ್ಲೂ ಹರಡಿತು. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿಯಲ್ಲಿ ಈ ತಾಪತ್ರಯವೇ ಇರಲಿಲ್ಲ, ಹಿಂದಿನ ಶಾಫ್ಟ್ ಗಟ್ಟಿ ಹೌಸಿಂಗ್ ಒಳಗೆ ನೆಟ್ಟಗೆ ಕೂತಿರುತ್ತಿತ್ತು. 1983ರಲ್ಲಿ ಮಾರುತಿ 800 ಬಂದ ಮೇಲೆಯೇ ಮೂಲೆ ಮೂಲೆಯ ಮೆಕ್ಯಾನಿಕ್‌ಗಳಿಗೂ ಸಿವಿ ಜಾಯಿಂಟ್ ಪರಿಚಯ ಆದದ್ದು.

ಒಳಗಿನ ಜಾಯಿಂಟ್, ಅಂದರೆ ಗೇರ್‌ಬಾಕ್ಸ್ ಕಡೆಯದು, ಬೇರೆ ಥರ. ಚಕ್ರ ಮೇಲೆ ಕೆಳಗೆ ಆಡುವಾಗ ಗೇರ್‌ಬಾಕ್ಸಿಗೂ ಚಕ್ರಕ್ಕೂ ನಡುವಿನ ದೂರ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಆ ದೂರ ಸರಿದೂಗಿಸಲು ಒಳಗಿನ ಜಾಯಿಂಟ್ ಹಿಂದೆ ಮುಂದೆ ಜಾರಬೇಕು. ಕೆಲವು ಕಾರಲ್ಲಿ ಇದು ಮೂರು ರೋಲರ್‌ಗಳ ಟ್ರೈಪಾಡ್. ಪೋರ್ಶೆ, ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಮಾಡೆಲ್‌ಗಳಲ್ಲಿ ಓರೆ ಹಳ್ಳಗಳಿರುವ ಬಾಲ್ ಜೋಡಣೆ, ಆರು ಬೋಲ್ಟ್‌ಗಳಲ್ಲಿ ಗೇರ್‌ಬಾಕ್ಸ್‌ನ ಫ್ಲ್ಯಾಂಜಿಗೆ ಬಿಗಿದಿರುತ್ತದೆ.

ಈಗ ಸ್ಪೋರ್ಟ್ಸ್ ಕಾರಿನಲ್ಲಿ ಈ ಜಾಯಿಂಟ್ ಮೇಲೆ ಬೀಳುವ ಭಾರ ನೋಡಿ. ಎಂಜಿನ್ ಟಾರ್ಕ್, ಅಂದರೆ ತಿರುಗಿಸುವ ಬಲ, 250 ನ್ಯೂಟನ್ ಮೀಟರ್ ಅಂತ ಇಟ್ಟುಕೊಳ್ಳಿ. ಮೊದಲ ಗೇರ್ ಅದನ್ನು ಮೂರೂವರೆ ಪಟ್ಟು ಮಾಡುತ್ತದೆ, ಫೈನಲ್ ಡ್ರೈವ್ ಅನ್ನುವ ಕೊನೆಯ ಗೇರ್ ಜೋಡಿ ಮತ್ತೆ ನಾಲ್ಕು ಪಟ್ಟು. ಒಟ್ಟು 3500. ಎರಡು ಶಾಫ್ಟ್‌ಗೆ ಹಂಚಿದರೆ ಒಂದೊಂದರ ಮೇಲೆ 1750 ನ್ಯೂಟನ್ ಮೀಟರ್. ಬಾಲ್ ಹಳ್ಳಕ್ಕೆ ತಾಗುವ ಜಾಗವೋ, ಒಂದು ಕಾಳಿನಷ್ಟೂ ಇಲ್ಲ. ಅಷ್ಟು ಒತ್ತಡದಲ್ಲಿ ಉಕ್ಕಿಗೂ ಉಕ್ಕಿಗೂ ನಡುವೆ ಇರುವುದು ತೆಳ್ಳಗಿನ ಒಂದು ಪದರ ಗ್ರೀಸ್ ಮಾತ್ರ. ಇಡೀ ಜಾಯಿಂಟ್ ಒಳಗೆ ಇರುವ ಗ್ರೀಸ್ ಹೆಚ್ಚೆಂದರೆ ನೂರು ಗ್ರಾಂ ಆಸುಪಾಸು. ಅದನ್ನು ಒಳಗೆ ಹಿಡಿದಿಟ್ಟಿರುವುದು ಆ ಬೂಟ್.

ಬೂಟ್ ಹರಿಯುವುದು ಹೆಚ್ಚಾಗಿ ಮಡಿಕೆಯ ಒಳಮೂಲೆಯಲ್ಲಿ. ರಬ್ಬರ್ ಹಳತಾಗಿ ಬಿರುಕು ಬಿಡುತ್ತದೆ, ತಿರುಗುವ ರಭಸಕ್ಕೆ ಗ್ರೀಸ್ ಹೊರಗೆ ಚಿಮ್ಮುತ್ತದೆ. 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 800ಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಬಿರುಕು ಬಿಟ್ಟ ಬೂಟಿಂದ ಗ್ರೀಸ್ ಖಾಲಿಯಾಗಲು ತುಂಬ ಹೊತ್ತು ಬೇಡ. ಒಣ ಊರಿನಲ್ಲಾದರೆ ಉಳಿದ ಗ್ರೀಸಲ್ಲೇ ಸ್ವಲ್ಪ ದಿನ ಓಡೀತು. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನಿಂತ ನೀರಿನಲ್ಲಿ ಒಂದು ಸಲ ಹೋದರೆ ಸಾಕು, ನೀರು ಜಾಯಿಂಟ್ ಒಳಗೆ. ಅದರ ಜೊತೆ ನಮ್ಮ ಮುರ ಮಣ್ಣಿನ ಕೆಂಪು ರಾಡಿ. ಗ್ರೀಸ್ ಮತ್ತು ಈ ರಾಡಿ ಸೇರಿದರೆ ಕಲ್ಲು ಉಜ್ಜುವ ಪೇಸ್ಟಿನಂತಾಗಿ ಬಾಲನ್ನೂ ಹಳ್ಳವನ್ನೂ ತಿನ್ನುತ್ತದೆ. ಬೀಚಿನ ಮರಳಲ್ಲಿ ಕಾರು ಇಳಿಸಿ ಫೋಟೋ ತೆಗೆಯುವ ಹವ್ಯಾಸ ಇರುವವರಿಗೆ ಉಪ್ಪಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಹೋಗಿದೆ ಅಂತ ಗೊತ್ತಾಗುವುದು ಹೇಗೆ? ಇಲ್ಲಿ ಮುಂದಿನ ಚಕ್ರದ ಡ್ರೈವ್ ಮತ್ತು ಹಿಂದಿನ ಚಕ್ರದ ಡ್ರೈವ್ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಪೋಲೋ ಜಿಟಿಐ, ಮಿನಿ ಕೂಪರ್ ಎಸ್, ಆಕ್ಟೇವಿಯಾ ವಿಆರ್‌ಎಸ್ ಥರದ ಮುಂದಿನ ಚಕ್ರದ ಕಾರಲ್ಲಿ ಹೊರಗಿನ ಜಾಯಿಂಟ್ ಸವೆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಟಕ್ ಟಕ್ ಟಕ್ ಅಂತ ತಾಳ ಹಾಕಿದ ಹಾಗೆ ಬರುತ್ತದೆ, ವೇಗ ಹೆಚ್ಚಾದಂತೆ ತಾಳವೂ ಹೆಚ್ಚಾಗುತ್ತದೆ. ಪರೀಕ್ಷೆ ಮಾಡಲು ಒಳ್ಳೆಯ ಜಾಗ ಮಾಲ್‌ಗಳ ಬೇಸ್‌ಮೆಂಟ್ ಪಾರ್ಕಿಂಗ್. ಬೆಳಿಗ್ಗೆ ಖಾಲಿ ಇರುವಾಗ ಹೋಗಿ, ಕಿಟಕಿ ಇಳಿಸಿ, ಗೋಡೆ ಪಕ್ಕ ನಿಧಾನಕ್ಕೆ ಒಂದು ಸುತ್ತು ಎಡಕ್ಕೆ, ಒಂದು ಸುತ್ತು ಬಲಕ್ಕೆ. ಗೋಡೆಗೆ ತಾಗಿ ಶಬ್ದ ಸರೀ ಕೇಳುತ್ತದೆ, ಯಾವ ಕಡೆಯದ್ದು ಅಂತಲೂ ಅಂದಾಜು ಸಿಗುತ್ತದೆ. ಒಳಗಿನ ಜಾಯಿಂಟ್ ಸವೆದಿದ್ದರೆ ಶಬ್ದಕ್ಕಿಂತ ನಡುಕ ಜಾಸ್ತಿ. ಉಡುಪಿಯಿಂದ ಮಣಿಪಾಲಕ್ಕೆ ಏರುವಾಗ ಕಾಲು ಒತ್ತಿದರೆ ಕಾರಿನ ಮೂತಿ ಎಡಬಲಕ್ಕೆ ಅದುರಿದಂತೆ ಆಗುತ್ತದೆ, ಕಾಲು ತೆಗೆದ ಕೂಡಲೇ ನಿಂತುಹೋಗುತ್ತದೆ. ಕಾಲು ತೆಗೆದರೂ ಅದುರುವಿಕೆ ಹಾಗೇ ಇದ್ದರೆ ಅದು ಆಕ್ಸಲ್ ಅಲ್ಲ, ಟೈರ್ ಬ್ಯಾಲೆನ್ಸಿಂಗ್ ನೋಡಿ. ವೇಗದ ಜೊತೆ ಏರುವ ಗುಂಯ್ ಶಬ್ದ ಆದರೆ ವೀಲ್ ಬೇರಿಂಗ್.

ಬಾಕ್ಸ್‌ಸ್ಟರ್, 911, ಜೆಡ್4 ಥರದ ಹಿಂದಿನ ಚಕ್ರದ ಕಾರಲ್ಲಿ ಈ ಟಕ್ ಟಕ್‌ಗೆ ಕಾದು ಕೂರಬೇಡಿ. ಹಿಂದಿನ ಚಕ್ರ ಸ್ಟೇರಿಂಗ್ ಜೊತೆ ತಿರುಗುವುದಿಲ್ಲವಲ್ಲ, ಜಾಯಿಂಟ್ ಯಾವಾಗಲೂ ಸಣ್ಣ ಕೋನದಲ್ಲೇ ಕೆಲಸ ಮಾಡುತ್ತದೆ. ಬಾಲ್‌ಗಳು ಹಳ್ಳದ ಅದೇ ಜಾಗದಲ್ಲಿ ಆಡಿ ಆಡಿ ಅಲ್ಲಿ ಮಾತ್ರ ಗುಳಿ ಬೀಳುತ್ತದೆ. ಹಾಗಾಗಿ ಲಕ್ಷಣ ಕಾಣುವುದು ತಡ. ಕಾಲು ತೆಗೆದು ಮತ್ತೆ ಒತ್ತಿದಾಗ ಹಿಂದಿನಿಂದ ಒಂದು "ಟಣ್", ಅಥವಾ ರಿವರ್ಸ್‌ನಿಂದ ಫಸ್ಟ್‌ಗೆ ಹಾಕುವಾಗ ಒಂದು ಗುದ್ದು. ಇದೇ ಗುದ್ದು ಎಂಜಿನ್ ಮೌಂಟ್ ಹೋದರೂ ಬರುತ್ತದೆ, ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಹಲ್ಲು ಸವೆದರೂ ಬರುತ್ತದೆ. ಆದ್ದರಿಂದ ಶಬ್ದ ಕೇಳಿ ತೀರ್ಮಾನ ಮಾಡುವ ಮೆಕ್ಯಾನಿಕ್ ಮಾತು ಪೂರ್ತಿ ನಂಬಬೇಡಿ. ಕಾರು ಲಿಫ್ಟ್ ಮೇಲೆ ಹಾಕಿಸಿ, ನೀವೇ ಅಡಿಗೆ ಹೋಗಿ ನೋಡಿ. ರಿಮ್‌ನ ಒಳಮೈಗೆ ಕಪ್ಪು ಗ್ರೀಸ್ ಚಿಮ್ಮಿದೆಯಾ, ಬೂಟಿನ ಮಡಿಕೆ ಬಿಡಿಸಿದಾಗ ಒಳಗೆ ಬಿರುಕು ಉಂಟಾ, ಬೂಟನ್ನು ಬಿಗಿದಿಟ್ಟಿರುವ ಬ್ಯಾಂಡ್ ಸಡಿಲವಾ. ಆಮೇಲೆ ಒಂದು ಕೈಯಲ್ಲಿ ಜಾಯಿಂಟ್‌ನ ಹೊರಭಾಗ ಗಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಶಾಫ್ಟ್ ತಿರುಚಿ. ಶಾಫ್ಟ್ ಕಟ್ ಕಟ್ ಅಂತ ಆಡಿದರೆ ಜಾಯಿಂಟ್ ಸವೆದಿದೆ. ಒಳಗಿನದ್ದು ಹಿಂದೆ ಮುಂದೆ ಜಾರಿದರೆ ಹೆದರಬೇಡಿ, ಅದು ಜಾರಲೆಂದೇ ಇರುವುದು.

ಇನ್ನು ತೀರ್ಮಾನ. ಬೂಟ್ ಬಿರುಕು ಬಿಟ್ಟಿದೆ, ಶಬ್ದ ಇಲ್ಲ, ಆಟ ಇಲ್ಲ: ಬೂಟ್ ಕಿಟ್ ಹಾಕಿದರೆ ಮುಗಿಯಿತು. ಶಬ್ದ ಶುರುವಾಗಿದೆ ಅಂದರೆ ಹೊಸ ಗ್ರೀಸ್ ತುಂಬಿ ಬೂಟ್ ಹಾಕುವುದು ಹಣ ದಂಡ, ಹೋದ ಉಕ್ಕು ವಾಪಸ್ ಬರುವುದಿಲ್ಲ. ಇವೆರಡರ ನಡುವೆ ಇರುವುದೇ ಗೊಂದಲದ ಕೇಸು. ಬೂಟ್ ಹರಿದು ಎಷ್ಟು ದಿನ ಆಯ್ತೋ ಗೊತ್ತಿಲ್ಲ, ಶಬ್ದ ಇದೆಯಾ ಇಲ್ಲವಾ ಅಂತ ಅನುಮಾನ. ಆಗ ಜಾಯಿಂಟ್ ಬಿಚ್ಚಿಸಿ, ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಚೆನ್ನಾಗಿ ತೊಳೆಸಿ, ಒರೆಸಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಹಳ್ಳಗಳಲ್ಲಿ ಬಾಲ್ ಓಡಿದ ಹೊಳಪಿನ ಗೆರೆ ಇರುವುದು ಸಹಜ. ಆ ಗೆರೆಯ ಮೇಲೆ ಉಗುರು ಎಳೆದಾಗ ಅಂಚು ತಡೆದರೆ ಸವೆತ. ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ, ಉಕ್ಕು ನೀಲಿ ಬಣ್ಣಕ್ಕೆ ತಿರುಗಿದ್ದರೆ, ಕೇಜ್‌ನ ಕಿಟಕಿಯ ಮೂಲೆಯಲ್ಲಿ ಬಿರುಕು ಕಂಡರೆ ಯೋಚನೆಯೇ ಬೇಡ, ಜಾಯಿಂಟ್ ಬದಲಾಯಿಸಿ. ಬಿಚ್ಚುವ ಮೊದಲು ಒಳಭಾಗ, ಕೇಜ್, ಹೊರಭಾಗ ಮೂರಕ್ಕೂ ಪೇಂಟಲ್ಲಿ ಗುರುತು ಹಾಕಿಸಿ, ಪ್ರತಿ ಬಾಲ್ ತನ್ನ ಹಳ್ಳಕ್ಕೇ ವಾಪಸ್ ಹೋಗಬೇಕು. ಓರೆ ಹಳ್ಳದ ಜಾಯಿಂಟನ್ನು ತಪ್ಪು ಜೋಡಿಸಿದರೆ ಅದು ಬಗ್ಗುವುದೇ ಇಲ್ಲ, ಲಾಕ್ ಆಗಿ ಕೂರುತ್ತದೆ. ಒಂದು ಜಾಯಿಂಟ್‌ನ ಬಾಲ್ ತೆಗೆದು ಇನ್ನೊಂದಕ್ಕೆ ಹಾಕುವ ಬುದ್ಧಿವಂತಿಕೆಯೂ ಬೇಡ, ಅವು ಅಳತೆ ನೋಡಿ ಜೋಡಿ ಮಾಡಿದವು.

ಹಳೇ ಫೋಕ್ಸ್‌ವ್ಯಾಗನ್, ಪೋರ್ಶೆ ಓಡಿಸುವವರಲ್ಲಿ ಒಂದು ಉಪಾಯ ಚಾಲ್ತಿಯಲ್ಲಿದೆ. ಮುಂದಕ್ಕೆ ಓಡುವಾಗ ಬಾಲ್‌ಗಳು ಹಳ್ಳದ ಒಂದೇ ಗೋಡೆಯನ್ನು ಒತ್ತುತ್ತವೆ, ಇನ್ನೊಂದು ಗೋಡೆ ಹೆಚ್ಚುಕಡಿಮೆ ಹೊಸದಾಗಿಯೇ ಇರುತ್ತದೆ. ಎಡ ಬಲ ಶಾಫ್ಟ್‌ಗಳ ಉದ್ದ ಒಂದೇ ಇದ್ದರೆ ಅದಲು ಬದಲು ಮಾಡಿ ಹಾಕುತ್ತಾರೆ, ಆಗ ಸವೆಯದ ಗೋಡೆ ಕೆಲಸಕ್ಕೆ ಬರುತ್ತದೆ. ಸವೆತ ಸ್ವಲ್ಪ ಇರುವಾಗ ಮಾಡಿದರೆ ಇದರಿಂದ ಇನ್ನೊಂದಿಷ್ಟು ಬಾಳಿಕೆ ಸಿಗುತ್ತದೆ, ಟಕ್ ಟಕ್ ಶುರುವಾದ ಮೇಲೆ ಪ್ರಯೋಜನ ಇಲ್ಲ. ಎಂಜಿನ್ ಅಡ್ಡ ಕೂತಿರುವ ಮುಂದಿನ ಚಕ್ರದ ಕಾರುಗಳಲ್ಲಿ ಎರಡು ಶಾಫ್ಟ್‌ಗಳ ಉದ್ದ ಸಾಮಾನ್ಯವಾಗಿ ಬೇರೆ ಬೇರೆ, ಅಲ್ಲಿ ಈ ಮಾತೇ ಇಲ್ಲ.

ಪೂರ್ತಿ ಶಾಫ್ಟ್ ಬದಲಾಯಿಸಬೇಕಾ ಬರೀ ಜಾಯಿಂಟಾ ಅನ್ನುವಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ದಿನನಿತ್ಯದ ಸಣ್ಣ ಕಾರಾದರೆ ಲೋಕಲ್ ಶಾಫ್ಟ್ ಹಾಕಿ ಮುಗಿಸುವುದರಲ್ಲಿ ದೊಡ್ಡ ತಪ್ಪಿಲ್ಲ. ಸ್ಪೋರ್ಟ್ಸ್ ಕಾರಿಗೆ ಮಾತ್ರ ಬೇಡ. ಅಗ್ಗದ ಶಾಫ್ಟ್‌ನ ಉಕ್ಕು, ಹದ ಹಾಕಿದ ರೀತಿ, ಬ್ಯಾಲೆನ್ಸ್ ಯಾವುದೂ ಒರಿಜಿನಲ್ ಥರ ಇರುವುದಿಲ್ಲ, ಹೊಸತು ಹಾಕಿದ ಮೇಲೆ 80 ದಾಟಿದ ಕೂಡಲೇ ನಡುಕ ಅಂತ ಗೋಳಾಡುವವರು ಬೇಕಾದಷ್ಟು ಜನ ಇದ್ದಾರೆ. ಸರಳು ಒರಿಜಿನಲ್ ಇರಲಿ, ಕಾರು ಕಂಪನಿಗೆ ಜಾಯಿಂಟ್ ಮಾಡಿಕೊಡುವ ಕಂಪನಿಗಳ ಜಾಯಿಂಟ್ ತಂದು ಹಾಕಿ. ಜಿಕೆಎನ್ ಅಂಥದ್ದರಲ್ಲೊಂದು, ಲೋಬ್ರೊ ಅನ್ನುವುದು ಅದರದ್ದೇ ಹೆಸರು. ಇಲ್ಲಿ ಸ್ಟಾಕ್ ಸಿಗದಿದ್ದರೆ ಬೆಂಗಳೂರಿಂದ ತರಿಸಬಹುದು. ನಮ್ಮ ಜಿಲ್ಲೆಗಳಲ್ಲಿ ದುಬೈಯಲ್ಲೋ ಕುವೈಟ್‌ನಲ್ಲೋ ಒಬ್ಬ ಬಾವ ಇಲ್ಲದ ಮನೆ ಕಡಿಮೆ, ಬೂಟ್ ಕಿಟ್ಟಾದರೆ ಲಗೇಜಿನಲ್ಲಿ ಆರಾಮ ಬರುತ್ತದೆ. ಪೂರ್ತಿ ಶಾಫ್ಟ್ ತರಲು ಹೇಳಿದರೆ ಮಾತ್ರ ಸಂಬಂಧ ಕೆಟ್ಟೀತು ಮಾರಾಯ್ರೇ. ಆರ್ಡರ್ ಮಾಡುವಾಗ ಮಾಡೆಲ್ ಹೆಸರು ಹೇಳಿದರೆ ಸಾಲದು, ಚಾಸಿಸ್ ನಂಬರ್ ಕೊಟ್ಟೇ ಪಾರ್ಟ್ ನಂಬರ್ ತೆಗೆಸಿ. ಮ್ಯಾನ್ಯುವಲ್‌ಗೆ ಒಂದು, ಆಟೋಮ್ಯಾಟಿಕ್‌ಗೆ ಇನ್ನೊಂದು ಇರುತ್ತದೆ. ಕೆಲವು ಕಾರುಗಳಲ್ಲಿ ಚಕ್ರದ ವೇಗ ಅಳೆಯಲು ಬೇಕಾದ ಹಲ್ಲಿನ ಎಬಿಎಸ್ ರಿಂಗ್ ಜಾಯಿಂಟ್ ಮೇಲೆಯೇ ಇರುತ್ತದೆ, ಹಲ್ಲಿನ ಲೆಕ್ಕ ತಪ್ಪಿದರೆ ಜಾಯಿಂಟ್ ಸರಿಯಾಗಿ ಕೂತರೂ ಡ್ಯಾಶ್‌ಬೋರ್ಡಲ್ಲಿ ಎಬಿಎಸ್ ಲೈಟ್ ಆರುವುದಿಲ್ಲ.

ಕತ್ತರಿಸಿ ಅಂಟಿಸುವ ಬೂಟ್ ಅಂತ ಒಂದು ಸಿಗುತ್ತದೆ, ಶಾಫ್ಟ್ ಬಿಚ್ಚದೆ ಹಾಕಬಹುದು. ಈ ಮಳೆಗೆ ಅದರ ಅಂಟು ನಿಲ್ಲುವುದು ಕಷ್ಟ. ದೂಳು, ನೀರು ಒಳಗೆ ಹೋದ ಜಾಯಿಂಟನ್ನು ತೊಳೆಯದೆಯೇ ಮುಚ್ಚಿಬಿಡುವುದು ಅದಕ್ಕಿಂತ ದೊಡ್ಡ ಸಮಸ್ಯೆ.

ಈಗ ಕೆಲಸ. ಇದನ್ನು ಮನೆ ಅಂಗಳದಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ, ಆದರೆ ಗ್ಯಾರೇಜಿನಲ್ಲಿ ಪಕ್ಕ ನಿಂತಾಗ ಎಂತ ನೋಡಬೇಕು ಅಂತ ಗೊತ್ತಿರಲಿ. ಚಕ್ರದ ನಡುವೆ ಶಾಫ್ಟ್ ತುದಿಯನ್ನು ಬಿಗಿದಿರುವ ಹಬ್ ನಟ್ ಸಡಿಲಿಸುವುದು ಚಕ್ರ ನೆಲದ ಮೇಲಿರುವಾಗಲೇ, ಬ್ರೇಕ್ ಹಿಡಿದು. ಪೋರ್ಶೆ ಬಾಕ್ಸ್‌ಸ್ಟರ್‌ನ ಮೊದಲ ಪೀಳಿಗೆಯಲ್ಲಿ ಈ ನಟ್‌ನ ಬಿಗಿ 460 ನ್ಯೂಟನ್ ಮೀಟರ್. ಸಾಮಾನ್ಯ ಕಾರಿನ ವೀಲ್ ಬೋಲ್ಟ್‌ಗಳ ಬಿಗಿ 100ರಿಂದ 130 ಆಸುಪಾಸು, ಅಂದರೆ ವ್ಯತ್ಯಾಸ ನೀವೇ ನೋಡಿ. ಜಾಕ್ ಮೇಲೆ ನಿಂತ ಕಾರಿನಲ್ಲಿ ಅಷ್ಟು ಬಲ ಹಾಕಿದರೆ ಕಾರೇ ಉರುಳೀತು. ಹೊಸ ನಟ್ ಕಡ್ಡಾಯ. ಹಳೇ ನಟ್ಟನ್ನೇ ಇಂಪ್ಯಾಕ್ಟ್ ಗನ್ನಿಂದ ಗುರ್ರ್ ಅಂತ ಬಿಗಿದು "ಆಯ್ತು ಸರ್" ಅನ್ನುವ ಗ್ಯಾರೇಜಿನಿಂದ ಹೊರಗೆ ಬನ್ನಿ. ಆ ನಟ್‌ನ ಬಿಗಿಯೇ ವೀಲ್ ಬೇರಿಂಗನ್ನೂ ಒತ್ತಿ ಹಿಡಿದಿರುತ್ತದೆ. ಇದೇ ಕಾರಣಕ್ಕೆ ಶಾಫ್ಟ್ ತೆಗೆದ ಕಾರನ್ನು ಚಕ್ರದ ಮೇಲೆ ತಳ್ಳಿಕೊಂಡು ಹೋಗಬಾರದು, ಬೇರಿಂಗ್ ಹಾಳಾಗುತ್ತದೆ. ಗ್ಯಾರೇಜಿನಲ್ಲಿ ಜಾಗ ಇಲ್ಲ ಅಂತ ಹೊರಗೆ ತಳ್ಳಿ ನಿಲ್ಲಿಸುವುದು ತುಂಬ ಸಾಮಾನ್ಯ, ಮೊದಲೇ ಹೇಳಿಬಿಡಿ.

ಗೇರ್‌ಬಾಕ್ಸ್ ಕಡೆಯ ಬೋಲ್ಟ್‌ಗಳ ತಲೆಯಲ್ಲಿ ಹಲ್ಲುಹಲ್ಲಿನ ತೂತು ಇರುತ್ತದೆ. ಆ ತೂತಿನಲ್ಲಿ ವರ್ಷಗಟ್ಟಲೆಯ ಮಣ್ಣು, ಗ್ರೀಸ್ ಗಟ್ಟಿಯಾಗಿ ಕೂತಿರುತ್ತದೆ. ಮೊನಚಾದ್ದರಲ್ಲಿ ಕೆರೆದು, ಬ್ರೇಕ್ ಕ್ಲೀನರ್ ಹೊಡೆದು, ಬಿಟ್ ತಳದವರೆಗೆ ಇಳಿದಿದೆ ಅಂತ ಖಾತ್ರಿ ಮಾಡಿಕೊಂಡೇ ತಿರುಗಿಸಬೇಕು. ಅವಸರ ಮಾಡಿದರೆ ತೂತು ದುಂಡಗಾಗಿಬಿಡುತ್ತದೆ, ಒಂದು ಗಂಟೆಯ ಕೆಲಸ ಇಡೀ ದಿನ ತಿನ್ನುತ್ತದೆ. ಹಬ್ ಕಡೆಯ ಸ್ಪ್ಲೈನ್, ಅಂದರೆ ಶಾಫ್ಟ್ ತುದಿಯ ಉದ್ದುದ್ದ ಹಲ್ಲುಗಳು, ನಮ್ಮ ಉಪ್ಪು ಗಾಳಿಗೆ ತುಕ್ಕು ಹಿಡಿದು ಅಂಟಿಕೊಂಡಿರುವುದೂ ಇಲ್ಲಿ ಮಾಮೂಲು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟು ಪುಲ್ಲರ್ ಹಾಕಿ ಒತ್ತಬೇಕು. ಸುತ್ತಿಗೆಯಲ್ಲಿ ನೇರ ಶಾಫ್ಟ್ ತುದಿಗೆ ಬಡಿದರೆ ಥ್ರೆಡ್ ಅರಳಿಕೊಳ್ಳುತ್ತದೆ. ಬಿಚ್ಚಿದ ಶಾಫ್ಟ್ ಒಂದು ಕಡೆ ನೇತಾಡಲು ಬಿಡಬಾರದು, ತಂತಿಯಲ್ಲಿ ಕಟ್ಟಿಡಬೇಕು. ಗೇರ್‌ಬಾಕ್ಸ್ ಒಳಗೆ ನೇರ ತೂರುವ ಶಾಫ್ಟ್ ಆದರೆ ಎಳೆದಾಗ ಗೇರ್ ಆಯಿಲ್ ಸುರಿಯುತ್ತದೆ. ಆಗ ಆಯಿಲ್ ಸೀಲ್ ಹೊಸತು ಹಾಕಿ, ಸುರಿದಷ್ಟು ಆಯಿಲ್ ವಾಪಸ್ ತುಂಬಿದ್ದಾರಾ ನೋಡಿ.

ಗ್ರೀಸ್ ವಿಷಯದಲ್ಲಿ ಜಿಪುಣತನ ಬೇಡ. ಬೇರಿಂಗಿಗೆ ಹಾಕುವ ಗ್ರೀಸ್ ಇಲ್ಲಿ ನಡೆಯುವುದಿಲ್ಲ. ಬಾಲ್ ಜಾಯಿಂಟ್‌ಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಕಪ್ಪು ಗ್ರೀಸ್, ಟ್ರೈಪಾಡ್‌ಗೆ ಸಾಮಾನ್ಯವಾಗಿ ಬೇರೆ ಗ್ರೀಸ್. ಕಿಟ್ ಜೊತೆ ಬರುವ ಪೊಟ್ಟಣವನ್ನೇ ಅಳತೆ ಪ್ರಕಾರ ಪೂರ್ತಿ ಹಾಕಿ. ಬ್ಯಾಂಡ್ ಬಿಗಿಯಲು ಅದಕ್ಕೇ ಇರುವ ಇಕ್ಕುಳ ಬೇಕು. ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಕಳಿಸಿದರೆ ಮೊದಲ ಘಾಟಿಯಲ್ಲೇ ಗ್ರೀಸ್ ಹೊರಗೆ. ಸಸ್ಪೆನ್ಷನ್ ಬೋಲ್ಟ್ ಬಿಚ್ಚಿದ್ದರೆ ಕೊನೆಯ ಬಿಗಿ ಕಾರು ತನ್ನ ಭಾರದಲ್ಲಿ ನೆಲದ ಮೇಲೆ ಕೂತಾಗ ಕೊಡಿಸಿ, ಆಮೇಲೆ ಅಲೈನ್‌ಮೆಂಟ್. ಕಾರು ತಗ್ಗಿಸಿ ಸ್ಪ್ರಿಂಗ್ ಬದಲಾಯಿಸಿದವರು ಇನ್ನೊಂದು ನೋಡಬೇಕು: ತಗ್ಗಿದಷ್ಟೂ ಶಾಫ್ಟ್ ಕೂರುವ ಕೋನ ಬದಲಾಗುತ್ತದೆ, ಒಳಗಿನ ಜಾಯಿಂಟ್ ತಾನು ಆಡಬೇಕಾದ ನಡು ಜಾಗ ಬಿಟ್ಟು ಒಂದು ಕೊನೆಯಲ್ಲಿ ಆಡುತ್ತದೆ. ಹಾಗೆ ಮಾಡಿದ ಕಾರಲ್ಲಿ ಬೂಟ್ ಪದೇ ಪದೇ ಹರಿಯುತ್ತಿದ್ದರೆ ಬೂಟ್ ಕಂಪನಿಯನ್ನು ಬೈದು ಪ್ರಯೋಜನ ಇಲ್ಲ.

ಶಬ್ದ ಬರ್ತಾ ಇದ್ದರೂ ನೋಡೋಣ ಅಂತ ಓಡಿಸಿದರೆ ಎಂತ ಆಗ್ತದೆ? ಒಂದು ದಿನ ಕೇಜ್ ಒಡೆದು ಜಾಯಿಂಟ್ ಬಿಟ್ಟುಹೋಗುತ್ತದೆ, ಸಾಮಾನ್ಯವಾಗಿ ಜೋರು ಕಾಲು ಕೊಟ್ಟಾಗ, ಅಂದರೆ ಆಗುಂಬೆಯ 14 ತಿರುವುಗಳಲ್ಲೋ ಶಿರಾಡಿಯ ಏರಿನಲ್ಲೋ. ಸಾಮಾನ್ಯ ಡಿಫರೆನ್ಷಿಯಲ್ ಇರುವ ಕಾರಾದರೆ ಇಡೀ ತಿರುಗುವಿಕೆ ತುಂಡಾದ ಕಡೆಗೇ ಹೋಗುತ್ತದೆ. ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಇಲ್ಲಿ ನಿಜಕ್ಕೂ ಅಪಾಯದ ವಿಷಯ ಒಂದು ಉಂಟು. ಆಟೋಮ್ಯಾಟಿಕ್ ಕಾರಿನ "ಪಿ" ಲಾಕ್ ಹಿಡಿಯುವುದು ಗೇರ್‌ಬಾಕ್ಸನ್ನು, ಚಕ್ರವನ್ನಲ್ಲ. ಒಂದು ಶಾಫ್ಟ್ ತುಂಡಾಗಿದ್ದರೆ "ಪಿ"ಗೆ ಹಾಕಿದರೂ ಡಿಫರೆನ್ಷಿಯಲ್ ಮೂಲಕ ಚಕ್ರ ತಿರುಗಿ ಕಾರು ಇಳಿಜಾರಿನಲ್ಲಿ ಹಿಂದಕ್ಕೆ ಉರುಳುತ್ತದೆ. ಮ್ಯಾನ್ಯುವಲ್‌ನಲ್ಲಿ ಗೇರಿಗೆ ಹಾಕಿ ನಿಲ್ಲಿಸಿದರೂ ಅದೇ ಕತೆ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆಯೇ ಕಾರಿಂದ ಇಳಿಯಿರಿ. ಎಳೆದುಕೊಂಡು ಹೋಗುವ ಗಾಡಿ ಬೇಡ, ನಾಲ್ಕೂ ಚಕ್ರ ಮೇಲೇರಿಸುವ ಫ್ಲ್ಯಾಟ್‌ಬೆಡ್ ಕರೆಸಿ, ತುಂಡಾದ ಶಾಫ್ಟ್ ಗಿರಗಿರ ತಿರುಗಿ ಬ್ರೇಕ್ ಪೈಪನ್ನೋ ಎಬಿಎಸ್ ವಯರನ್ನೋ ಕತ್ತರಿಸುವ ಸಾಧ್ಯತೆ ಇರುತ್ತದೆ.

ಬೂಟ್ ನೋಡಿಸಲು ಒಳ್ಳೆಯ ಸಮಯ ಮೇ ತಿಂಗಳು, ಮಳೆ ಹಿಡಿಯುವ ಮುಂಚೆ. ಮತ್ತೊಮ್ಮೆ ಅಕ್ಟೋಬರ್‌ನಲ್ಲಿ, ಗಾಡಿ ಅಡಿ ತೊಳೆಸಿದ ಮೇಲೆ. ಹೊಸ ಬೂಟ್ ಹಾಕಿಸಿದವರು ಒಂದೆರಡು ವಾರ ಓಡಿಸಿ ರಿಮ್‌ನ ಒಳಮೈ ಬೆರಳಲ್ಲಿ ಒರೆಸಿ ನೋಡಿ. ಬೆರಳಿಗೆ ಕಪ್ಪು ಗ್ರೀಸ್ ಹತ್ತಿದರೆ ಬ್ಯಾಂಡ್ ಸರಿಯಾಗಿ ಕೂತಿಲ್ಲ, ಕೂಡಲೇ ಹಾಕಿದವರ ಹತ್ತಿರವೇ ವಾಪಸ್ ಹೋಗಿ ಬಿಗಿಸಿಕೊಳ್ಳಿ.